ಫೈಂಡಿಂಗ್ ನೀಮೋ ಇಟ್ಕೊಂಡು ಹೀರೋಸ್ ಜರ್ನಿ ಬಿಡಿಸೋದು ಹೆಂಗೆ

ಹೀರೋಸ್ ಜರ್ನಿ, ಅಂದ್ರೆ ಹೀರೋ ಮನೆ ಬಿಟ್ಟು ಹೊರಟು, ಪಾಡು ಪಟ್ಟು, ಬದಲಾಗಿ ವಾಪಸ್ ಬರೋ ಕಥೆ ಪ್ಯಾಟರ್ನು, ಅದನ್ನ ಹುಡುಕಿದ್ರೆ ಮೊದಲು ಸಿಗೋದೇ ಒಂದು ರೌಂಡ್ ಚಾರ್ಟು, ಹನ್ನೆರಡು ಖಾನೆ, ಖಾನೆಗೊಂದು ಹೆಸ್ರು. ಅದನ್ನ ಪ್ರಿಂಟ್ ತೆಗ್ದು ಪಕ್ಕದಲ್ಲಿಟ್ಕೊಂಡು ಸಿನಿಮಾ ಹಾಕಿ, ಹಾಂ ಇದು ಕರೆ, ಇದು ಗುರು, ಇದು ಗುಹೆ ಅಂತ ಟಿಕ್ ಹೊಡ್ಕೊಂಡು ಹೋದ್ರೆ ಸಿನಿಮಾ ಮುಗಿಯೋಷ್ಟ್ರಲ್ಲಿ ಎಲ್ಲಾ ಖಾನೆನೂ ತುಂಬಿರುತ್ತೆ, ಆದ್ರೆ ಈ ಸಿನಿಮಾ ಯಾಕಪ್ಪ ಅಷ್ಟು ಹಿಡಿಸ್ತು ಅಂತ ಯಾರಾದ್ರೂ ಕೇಳಿದ್ರೆ ಬಾಯೇ ಬರಲ್ಲ. ಫಿಲ್ಮ್ ಕೋರ್ಸ್ ಮಾಡ್ತಿರೋ ಹುಡುಗ್ರು, ಮಕ್ಕಳಿಗೆ ಕಥೆ ಬರೀಬೇಕು ಅನ್ಕೊಂಡಿರೋರು, ಸುಮ್ನೆ ಮನೇಲಿ ಮಕ್ಕಳ ಜೊತೆ ಕೂತು ಸಿನಿಮಾ ನೋಡಿ ಅದ್ರ ಬಗ್ಗೆ ಹರಟೆ ಹೊಡೀಬೇಕು ಅನ್ನೋರು, ಇವ್ರಿಗೆಲ್ಲ ಉಪಯೋಗ ಆಗ್ಲಿ ಅಂತ ನಾನು ಮಾಡೋ ವಿಧಾನ ಇಲ್ಲಿ ಹಾಕ್ತಿದೀನಿ. ಉದಾಹರಣೆಗೆ ತಗೊಂಡಿರೋದು ಫೈಂಡಿಂಗ್ ನೀಮೋ. ಪಿಕ್ಸಾರ್‌ದು, 2003ರದ್ದು, ಆಂಡ್ರ್ಯೂ ಸ್ಟಾಂಟನ್ ಡೈರೆಕ್ಟ್ ಮಾಡಿದ್ದು, ಬೆಸ್ಟ್ ಆನಿಮೇಟೆಡ್ ಫೀಚರ್ ಆಸ್ಕರೂ ಬಂತು. ಸಿಡ್ನಿಯ ಡೆಂಟಿಸ್ಟ್ ಒಬ್ಬ ಸಮುದ್ರಕ್ಕೆ ಡೈವ್ ಹೊಡ್ದು ನೀಮೋ ಅನ್ನೋ ಮೀನಿನ ಮರಿನ ಹಿಡ್ಕೊಂಡು ಹೋಗ್ತಾನೆ, ಅವನ್ನ ಹುಡುಕ್ಕೊಂಡು ಅಪ್ಪ ಮಾರ್ಲಿನ್ ಅನ್ನೋ ಕ್ಲೌನ್ ಫಿಶ್ ಹೊರಡೋದೇ ಕಥೆ. ನೋಡಿಲ್ಲ ಅಂದ್ರೆ ಮೊದ್ಲು ನೋಡ್ಕೊಂಡು ಬನ್ನಿ, ಕೆಳಗೆ ಕಥೆ ಪೂರ್ತಿ ಬಿಚ್ಚಿಟ್ಟಿದೀನಿ, ಆಮೇಲೆ ಸ್ಪಾಯ್ಲರ್ ಕೊಟ್ಟೆ ಅಂತ ಬೈಬೇಡಿ.

ಈ ಪ್ಯಾಟರ್ನ್ ಎಲ್ಲಿಂದ ಬಂತು ಅಂತ ಎರಡು ಮಾತು ಹೇಳಿ ಮುಂದೆ ಹೋಗ್ತೀನಿ. ಜೋಸೆಫ್ ಕ್ಯಾಂಬೆಲ್ ಅನ್ನೋ ಅಮೆರಿಕದ ಪ್ರೊಫೆಸರ್ 1949ರಲ್ಲಿ ಒಂದು ಪುಸ್ತಕ ಬರೆದ್ರು, ದೇಶದೇಶದ ಪುರಾಣ ಕಥೆ ಎಲ್ಲಾ ಗುಡ್ಡೆ ಹಾಕ್ಕೊಂಡು, ನಮ್ಮ ಬುದ್ಧ ಅರಮನೆ ಬಿಟ್ಟು ಹೊರಟಿದ್ದೂ ಅದ್ರಲ್ಲಿ ಬರುತ್ತೆ. ಎಲ್ಲಾ ಕಡೆನೂ ಹೊರಡೋದು, ಪಾಡು ಪಡೋದು, ವಾಪಸ್ ಬರೋದು ಅಂತ ಮೂರು ಭಾಗ ಇರುತ್ತೆ, ಬಿಡಿಸಿದ್ರೆ ಒಟ್ಟು 17 ಹಂತ ಅಂದ್ರು. 1985ರ ಹೊತ್ತಿಗೆ ಡಿಸ್ನಿಲಿ ಕೆಲ್ಸ ಮಾಡ್ತಿದ್ದ ಕ್ರಿಸ್ಟೋಫರ್ ವೋಗ್ಲರ್ ಅನ್ನೋರು ಅದನ್ನೇ ಏಳು ಪುಟದ ಮೆಮೋ ಮಾಡಿ ಹಂಚಿದ್ರು, 1992ರಲ್ಲಿ ಅದನ್ನ ಬೆಳೆಸಿ ಪುಸ್ತಕನೂ ಮಾಡಿದ್ರು, 17 ಹೋಗಿ 12 ಆಯ್ತು. ನಿಮ್ಮ ಕೈಲಿರೋ ರೌಂಡ್ ಚಾರ್ಟು ಈ ಎರಡ್ನೇದು. ಇದ್ಯಾಕೆ ಹೇಳ್ದೆ ಅಂದ್ರೆ ಮುಂದೆ ತಿಮಿಂಗಿಲ ಬಂದಾಗ ಈ ಎರಡು ಲಿಸ್ಟೂ ಒಂದಕ್ಕೊಂದು ಡಿಕ್ಕಿ ಹೊಡಿಯುತ್ತೆ, ಮಜಾ ಇರೋದೇ ಅಲ್ಲಿ.

ಹೀರೋ ಯಾರು, ಮೊದ್ಲು ಅದು ಗೊತ್ತಾಗ್ಲಿ

ಚಾರ್ಟು ಮಡಚಿ ಪಕ್ಕಕ್ಕಿಡಿ. ಸಿನಿಮಾದ ಮೊದಲ ಹತ್ತು ಹದಿನೈದು ನಿಮಿಷ ನೋಡಿ, ಆಮೇಲೆ ಮಧ್ಯದ್ದೆಲ್ಲ ಬಿಟ್ಟು ಸೀದಾ ಕೊನೇ ಹತ್ತು ನಿಮಿಷಕ್ಕೆ ಹಾರಿ. ನೋಡಿದ ಸಿನಿಮಾನೇ ಆಗಿರೋದ್ರಿಂದ ಏನೂ ನಷ್ಟ ಇಲ್ಲ. ಈಗ ಒಂದೇ ಪ್ರಶ್ನೆ: ಶುರುನಲ್ಲಿ ಸತ್ರೂ ಮಾಡ್ತಿರ್ಲಿಲ್ಲ ಅನ್ನೋ ಕೆಲ್ಸನ ಕೊನೇಲಿ ಯಾರು ಮಾಡ್ತಿದಾರೆ?

ಹೆಸ್ರಲ್ಲೇ ನೀಮೋ ಇದಾನೆ, ಪೋಸ್ಟರಲ್ಲೂ ಇದಾನೆ, ಅದಕ್ಕೆ ಎಲ್ಲರೂ ಕಣ್ಮುಚ್ಕೊಂಡು ನೀಮೋನೇ ಹೀರೋ ಅಂತ ಬರೀತಾರೆ. ಆದ್ರೆ ನೀಮೋ ಶುರುನಲ್ಲೂ ಧೈರ್ಯವಂತನೇ, ಒಂದು ಕಡೆ ರೆಕ್ಕೆ ಸಣ್ಣದಿದ್ರೂ ಸ್ಕೂಲಿಗೆ ಹೋಗ್ಬೇಕು ಅಂತ ಬೆಳಗಾಗೆದ್ದು ಅಪ್ಪನ್ನ ಎಬ್ಬಿಸ್ತಿರೋನು ಅವ್ನೇ. ಅಪ್ಪ ಮಾರ್ಲಿನ್ ನೋಡಿ. ಮನೆ ಅಂದ್ರೆ ಆ ಆನಿಮನಿ, ಗಿಡದ ಥರ ಕಾಣೋ ಕುಟುಕೋ ಸಮುದ್ರಜೀವಿ, ಅಲ್ಲಿಂದ ಹೊರಗೆ ಬರ್ಬೇಕಾದ್ರೆ ಒಂದ್ಸಲ ಹೊರಗೆ, ತಿರ್ಗ ಒಳಗೆ, ತಿರ್ಗ ಹೊರಗೆ, ತಿರ್ಗ ಒಳಗೆ, ಯಾವ ಮೀನು ಬಂದು ನುಂಗುತ್ತೋ ಅಂತ ಅಷ್ಟು ಭಯ. ಕೊನೇಲಿ ಅದೇ ಮಾರ್ಲಿನ್ ಬೆಳಗ್ಗೆ ಎದ್ದು ಮಗನ್ನ ಎಬ್ಬಿಸ್ತಾನೆ, ಸ್ಕೂಲಿಗೆ ಟೈಮಾಯ್ತು ಏಳೋ ಏಳೋ ಅಂತ, ಆಮೇಲೆ ಮಗನ ಜೊತೆ ರೇಸ್ ಹಚ್ಕೊಂಡು ಹೊರಡ್ತಾನೆ. ಹೊರಳಿದ್ದು ಅಪ್ಪ. ಪಯಣ ಅಪ್ಪಂದು, ಮಗ ಆ ಪಯಣಕ್ಕೆ ಕಾರಣ. ಇದೊಂದು ತಪ್ಪಿದ್ರೆ ಉಳಿದ ಹನ್ನೊಂದು ಖಾನೆನೂ ತಪ್ಪೇ, ಅದಕ್ಕೆ ಇಷ್ಟು ಉದ್ದ ಹೇಳ್ದೆ.

ಇನ್ನೊಂದು ಜೋಡಿನೂ ಬರ್ಕೊಳ್ಳಿ. ಶುರುನಲ್ಲಿ ಸ್ಕೂಲ್ ಹತ್ರ ಬೇರೆ ಮಕ್ಕಳ ಅಪ್ಪಂದಿರು ಕ್ಲೌನ್ ಫಿಶ್ ಅಂದ್ರೆ ಜೋಕ್ ಹೇಳ್ಬೇಕಪ್ಪ ಅಂತ ಕೇಳ್ತಾರೆ, ಮಾರ್ಲಿನ್ ಜೋಕ್ ಶುರು ಮಾಡಿ ಎಳೆದೂ ಎಳೆದು ಕೆಡಿಸ್ತಾನೆ. ಕೊನೇಲಿ ಅದೇ ಅಪ್ಪಂದಿರು ಅವನ ಜೋಕಿಗೆ ನಗ್ತಾರೆ.

ಹೀರೋ ಗಟ್ಟಿಯಾಗಿ ಹಿಡ್ಕೊಂಡಿರೋದೇನು

ಇದನ್ನ ಒಂದೇ ಸಾಲಲ್ಲಿ ಬರೀರಿ, ಎರಡ್ನೇ ಸಾಲು ಬೇಕು ಅನ್ಸಿದ್ರೆ ಇನ್ನೂ ಸಿಕ್ಕಿಲ್ಲ ಅಂತ ಅರ್ಥ. ಮಾರ್ಲಿನ್‌ಗೆ ಅದು ಒಂದು ಮಾತು. ಬ್ಯಾರಕುಡಾ ಮೀನು ಬಂದು ಹೆಂಡ್ತಿ ಕೋರಲ್ಲೂ ಹೋದ್ಲು, ನಾನೂರಕ್ಕೂ ಮಿಕ್ಕಿ ಇದ್ದ ಮೊಟ್ಟೆಗಳೂ ಹೋದ್ವು, ಉಳಿದಿದ್ದು ಬಿರುಕು ಬಿಟ್ಟ ಒಂದೇ ಮೊಟ್ಟೆ, ಅದನ್ನ ಹಿಡ್ಕೊಂಡು ನಿಂಗೇನೂ ಆಗಕ್ಕೆ ಬಿಡಲ್ಲ ಅಂತಾನೆ. ಆಮೇಲೆ ಟೈಟಲ್ ಬೀಳುತ್ತೆ.

ಚಾರ್ಟಲ್ಲಿ ಮೊದಲ್ನೇ ಖಾನೆ ಹೀರೋನ ಮಾಮೂಲಿ ಲೋಕ ಅಂತಿರುತ್ತೆ, ಜನ ಅಲ್ಲಿ ಸ್ಕೂಲು, ಹವಳದ ದಿಬ್ಬ, ಅಕ್ಕಪಕ್ಕದ ಮೀನುಗಳು ಅಂತ ತುಂಬ್ತಾರೆ, ತಪ್ಪೇನಿಲ್ಲ, ಆದ್ರೆ ಆ ಮಾತು ಬರೀದೆ ಹೋದ್ರೆ ಸುಮ್ನೆ ಸೀನರಿ ವರ್ಣನೆ ಆಗುತ್ತೆ ಅಷ್ಟೆ. ಈ ಬ್ಯಾರಕುಡಾ ಸೀನು ಮೊದಲ ಸ್ಕ್ರಿಪ್ಟಲ್ಲಿ ಶುರುನಲ್ಲಿ ಇರ್ಲೇ ಇಲ್ಲ, ಫ್ಲ್ಯಾಶ್‌ಬ್ಯಾಕಲ್ಲಿ ಸ್ವಲ್ಪ ಸ್ವಲ್ಪ ಬಿಚ್ತಾ ಹೋಗ್ತಿತ್ತು. ಹಂಗೆ ಮಾಡಿದ್ರೆ ಮಾರ್ಲಿನ್ ಬರೀ ಕಿರಿಕಿರಿ ಅಪ್ಪನ ಥರ ಕಾಣ್ತಿದ್ದ, ಯಾರಿಗೂ ಅವನ ಮೇಲೆ ಪ್ರೀತಿ ಹುಟ್ಟಲ್ಲ, ಕೊನೆಗೆ ಎತ್ತಿ ಸಿನಿಮಾ ಶುರುನಲ್ಲೇ ಹಾಕಿದ್ರು. ಕಿರಿಕಿರಿ ಅದೇ, ಡೈಲಾಗೂ ಅದೇ, ಕಾರಣ ಮೊದ್ಲೇ ಗೊತ್ತಿರೋದ್ರಿಂದ ನಾವು ಅವನ ಪಕ್ಷ. ಕಥೆ ಬರೆಯೋರು ಇದನ್ನ ದಪ್ಪಕ್ಷರದಲ್ಲಿ ಬರ್ದಿಟ್ಕೊಳ್ಳಿ.

ಸುಮ್ನೆ ಒಂದು ಸೈಡ್ ಮಾತು: ನಿಜವಾದ ಕ್ಲೌನ್ ಫಿಶ್‌ಗಳಲ್ಲಿ ಹೆಣ್ಣು ಸತ್ರೆ ಜೊತೆಗಿದ್ದ ಗಂಡೇ ಹೆಣ್ಣಾಗಿ ಬದಲಾಗುತ್ತೆ, ಹಾಗಾಗಿ ಪ್ರಾಣಿಶಾಸ್ತ್ರದ ಪ್ರಕಾರ ಈ ಸಿನಿಮಾ ಐದ್ನೇ ನಿಮಿಷದಲ್ಲೇ ಬೇರೆ ಸಿನಿಮಾ ಆಗ್ಬೇಕಿತ್ತು.

ಕರೆ, ನಿರಾಕರಣೆ, ಹೊಸ್ತಿಲು

ಇಲ್ಲಿ ಚಾರ್ಟ್ ಹಿಡ್ಕೊಂಡೋರು ಒದ್ದಾಡ್ತಾರೆ. ಚಾರ್ಟ್ ಪ್ರಕಾರ ಮೊದ್ಲು ಕರೆ, ಅಂದ್ರೆ ಮನೆ ಬಿಟ್ಟು ಹೊರಡು ಅನ್ನೋ ಕಾರಣ, ಬರ್ಬೇಕು, ಆಮೇಲೆ ಹೀರೋ ನಂಗಾಗಲ್ಲ ಅನ್ಬೇಕು. ಆದ್ರೆ ಡೈವರ್ ನೀಮೋನ ಹಿಡ್ಕೊಂಡು ಹೋದ್ಮೇಲೆ ಮಾರ್ಲಿನ್ ಒಂದು ಕ್ಷಣನೂ ಯೋಚ್ನೆ ಮಾಡಲ್ಲ, ದೋಣಿ ಹಿಂದೆ ಬಿದ್ದುಬಿಡ್ತಾನೆ. ಹಾಗಾದ್ರೆ ನಿರಾಕರಣೆ ಎಲ್ಲಿ? ಅದು ಮೊದ್ಲೇ ಆಗೋಗಿದೆ. ಹೊರಗೆ ಒಳಗೆ ಹೊರಗೆ ಒಳಗೆ ಮಾಡಿದ್ದು, ಸ್ಕೂಲಿಗೆ ಮುಂದಿನ ವರ್ಷ ಹೋದ್ರಾಯ್ತು ಅಂದಿದ್ದು, ಹವಳದ ದಿಬ್ಬದ ಅಂಚಿಗೆ ಬಂದು ಎಲ್ಲರೆದುರು ಮಗನಿಗೆ ಬೈದಿದ್ದು, ಇದಿಷ್ಟೂ ನಿರಾಕರಣೆನೇ. ಸಮುದ್ರ ಕರೀತಿದ್ದಿದ್ದು ನೀಮೋನ, ಬೇಡ ಅಂತಿದ್ದಿದ್ದು ಅವನ ಪರವಾಗಿ ಅಪ್ಪ. ಅದಕ್ಕೆ ಹೇಳೋದು, ಖಾನೆಗಳ ಕ್ರಮ ನೆಚ್ಕೋಬೇಡಿ, ಅನಿಸಿದ್ದನ್ನ ಬರ್ಕೊಂಡು ಆಮೇಲೆ ನಂಬರ್ ಹಾಕಿ.

ಬೈತಾನಲ್ಲ, ಆ ಬೈಗುಳ ಹಂಗೇ ಬರ್ಕೊಳ್ಳಿ, ಆಮೇಲೆ ಬೇಕಾಗುತ್ತೆ: ನಿಂಗೆ ಇದೆಲ್ಲ ಮಾಡಕ್ಕಾಗುತ್ತೆ ಅನ್ಕೊಂಡಿದೀಯ, ಆದ್ರೆ ಆಗಲ್ಲ ನೀಮೋ. ಮಗ ವಾಪಸ್ ನಿನ್ನ ಕಂಡ್ರೆ ನಂಗಾಗಲ್ಲ ಅಂದು ಸೀದಾ ದೋಣಿ ಕಡೆ ಹೋಗಿ ಅದನ್ನ ಮುಟ್ತಾನೆ.

ಹೊಸ್ತಿಲು, ಅಂದ್ರೆ ಹಳೇ ಲೋಕ ಬಿಟ್ಟು ಹೊಸದಕ್ಕೆ ಕಾಲಿಡೋ ಗೆರೆ, ಅದನ್ನ ದಾಟೋ ಸೀನನ್ನ ಸೌಂಡ್ ಆಫ್ ಮಾಡಿ ನೋಡಿ. ದಿಬ್ಬದ ಮೇಲೆಲ್ಲ ಗುಲಾಬಿ, ಹಸ್ರು, ನೇರಳೆ, ಎಲ್ಲಿ ನೋಡಿದ್ರೂ ಏನಾದ್ರೂ ಒಂದು ಅಲ್ಲಾಡ್ತಿರುತ್ತೆ. ಅಂಚು ದಾಟಿದ್ರೆ ಖಾಲಿ ನೀಲಿ, ನೆಲ ಇಲ್ಲ, ಗೋಡೆ ಇಲ್ಲ, ಮಾರ್ಲಿನ್ ಸ್ಕ್ರೀನಲ್ಲಿ ಒಂದು ಕಿತ್ತಳೆ ಚುಕ್ಕೆ. ಯಾವ ಗೆರೆಗೋಸ್ಕರ ಎರಡು ನಿಮಿಷ ಹಿಂದೆ ಮಗನ ಜೊತೆ ಜಗಳ ಆಡಿದ್ನೋ ಅದೇ ಗೆರೆನ ಗೊತ್ತಿಲ್ದಂಗೆ ದಾಟಿರ್ತಾನೆ. ಡೈಲಾಗ್ ಇಲ್ದೆನೇ ಅರ್ಥ ಆಗುತ್ತೆ.

ಗುರು ಅಂದ್ರೆ ಗಡ್ಡದ ಮುದುಕನೇ ಆಗ್ಬೇಕಿಲ್ಲ

ದಾರೀಲಿ ಮಾರ್ಲಿನ್ ಜೊತೆ ಸೇರ್ಕೊಳ್ಳೋ ಮೀನು ಡೋರಿ ಗುರುನಾ ಅಂತ ಬಹಳ ಜನ ಕೇಳ್ತಾರೆ. ಐದು ನಿಮಿಷದ ಹಿಂದೆ ಏನಾಯ್ತು ಅನ್ನೋದೇ ಅವಳಿಗೆ ನೆನಪಿರಲ್ಲ, ಅವಳೇನು ಹೇಳ್ಕೊಡ್ತಾಳೆ ಅನ್ಸುತ್ತೆ. ಆದ್ರೆ ಡೈವರ್ ಮಾಸ್ಕ್ ಮೇಲಿನ ಸಿಡ್ನಿ ಅಡ್ರೆಸ್ ಓದೋಕೆ ಬರೋದು ಅವಳಿಗೆ, ತಿಮಿಂಗಿಲದ ಭಾಷೆ ಬರುತ್ತೆ ಅನ್ನೋದೂ ಅವಳೇ, ಎಲ್ಲಕ್ಕಿಂತ ಮುಖ್ಯ ಯಾರನ್ನ ಕಂಡ್ರೂ ನಂಬ್ತಾಳೆ. ಗುರುನ ಗುರುತಿಸ್ಬೇಕಾದ್ರೆ ವಯಸ್ಸು ನೋಡ್ಬೇಡಿ, ಹೀರೋ ಹತ್ರ ಇಲ್ದೇ ಇರೋದು ಯಾರ ಹತ್ರ ಇದೆ ನೋಡಿ. ಆ ಲೆಕ್ಕದಲ್ಲಿ ಡೋರಿ ಗುರುನೇ.

ನೇರವಾಗಿ ಪಾಠ ಮಾಡೋದು ಆಮೆ ಕ್ರಶ್, 150 ವರ್ಷ ಅಂತ ಅವ್ನೇ ಹೇಳ್ಕೊಳ್ತಾನೆ. ಆಸ್ಟ್ರೇಲಿಯಾದ ಪೂರ್ವ ತೀರದಲ್ಲಿ ದಕ್ಷಿಣಕ್ಕೆ ಹರಿಯೋ ಈಸ್ಟ್ ಆಸ್ಟ್ರೇಲಿಯನ್ ಕರೆಂಟ್ ನಿಜವಾಗ್ಲೂ ಇದೆ, ಸಿನಿಮಾದಲ್ಲಿರೋಷ್ಟು ಸ್ಪೀಡ್ ಇಲ್ಲ ಅಷ್ಟೆ. ಅದ್ರಲ್ಲಿ ಆಮೆಗಳೆಲ್ಲ ಜಾರ್ಕೊಂಡು ಹೋಗ್ತಿರ್ಬೇಕಾದ್ರೆ ಮರಿ ಸ್ಕ್ವರ್ಟ್ ಪ್ರವಾಹದಿಂದ ಹೊರಗೆ ಎಸೆದುಹೋಗ್ತಾನೆ. ಮಾರ್ಲಿನ್ ಹೌಹಾರಿ ಹಿಡಿಯೋಕೆ ಹೋದ್ರೆ ಕ್ರಶ್ ತಡೀತಾನೆ, ಇರು, ಅವ್ನೇ ಏನ್ಮಾಡ್ತಾನೆ ನೋಡೋಣ ಅಂತ. ಮರಿ ತಾನಾಗೇ ವಾಪಸ್ ಬಂದು ಅಪ್ಪನ ಹತ್ರ ಜಂಬ ಕೊಚ್ಕೊಳ್ಳುತ್ತೆ. ಮಕ್ಳು ರೆಡಿ ಆದ್ರು ಅಂತ ಹೆಂಗೆ ಗೊತ್ತಾಗುತ್ತೆ ಅಂತ ಮಾರ್ಲಿನ್ ಕೇಳಿದ್ರೆ, ಗೊತ್ತಾಗಲ್ಲ ಗುರೂ, ಅವ್ರಿಗೆ ಗೊತ್ತಾದಾಗ ನಿಂಗೂ ಗೊತ್ತಾಗುತ್ತೆ ಅನ್ನೋ ಅರ್ಥದಲ್ಲಿ ಉತ್ತರ ಕೊಡ್ತಾನೆ. ಚಾರ್ಟಲ್ಲಿ ಗುರು ಹೊಸ್ತಿಲಿಗಿಂತ ಮುಂಚೆ, ಇಲ್ಲಿ ಸಿನಿಮಾ ನಡುಮಧ್ಯ. ಮಧ್ಯದಲ್ಲೇ ಬರ್ಬೇಕು, ಯಾಕಂದ್ರೆ ಮೊದ್ಲೇ ಬಂದಿದ್ರೆ ಮಾರ್ಲಿನ್ ಕೇಳಿಸ್ಕೊಳ್ತಾನೇ ಇರ್ಲಿಲ್ಲ.

ಪರೀಕ್ಷೆಗಳು: ಹೆಂಗೆ ಪಾಸಾದ ಅಂತ ಬರೀರಿ

ಶಾರ್ಕು, ಆಂಗ್ಲರ್ ಮೀನು, ಕಣಿವೆ, ಜೆಲ್ಲಿಫಿಶ್ ಅಂತ ಲಿಸ್ಟ್ ಮಾಡೋದು ಸುಲಭ, ಮಕ್ಕಳೂ ಮಾಡ್ತಾರೆ. ಪ್ರತಿಯೊಂದರ ಮುಂದೆ, ಹಳೇ ಹಿಡಿತದಿಂದ ಪಾಸಾದ್ನಾ ಹೊಸದೇನಾದ್ರೂ ಮಾಡಿ ಪಾಸಾದ್ನಾ ಅಂತ ಬರೀರಿ. ಶಾರ್ಕ್ ಬ್ರೂಸ್ ಹತ್ರ ಬಚಾವಾಗಿದ್ದು ಹೆಚ್ಚುಕಮ್ಮಿ ಅದೃಷ್ಟ. ಆಂಗ್ಲರ್ ಮೀನಿನ ಜೊತೆ ಮಾರ್ಲಿನ್ ಸೆಣಸಾಡ್ತಾ ಇರ್ಬೇಕಾದ್ರೆ ಅದರ ಲೈಟಲ್ಲೇ ಡೋರಿ ಅಡ್ರೆಸ್ ಓದ್ತಾಳೆ, ಅದು ಜೊತೆಗೂಡಿ ಗೆದ್ದಿದ್ದು. ಕಣಿವೆ ಹತ್ರ ಬಂದಾಗ ಮತ್ತೆ ಹಳೇ ಮಾರ್ಲಿನ್: ಕಣಿವೆ ಒಳಗಿಂದ ಹೋಗಿ, ಮೇಲಿಂದ ಬೇಡ ಅಂತ ಮೀನಿನ ಗುಂಪು ಡೋರಿಗೆ ಹೇಳಿರುತ್ತೆ, ಅವಳಿಗೆ ಕಾರಣ ಮರ್ತೋಗಿದೆ ಆದ್ರೂ ಪಟ್ಟು ಬಿಡಲ್ಲ, ಇವ್ನು ನೋಡು ಅಲ್ಲೇನೋ ಹೊಳೀತಿದೆ ಅಂತ ಅವಳ ಮರೆವನ್ನೇ ಉಪಯೋಗಿಸ್ಕೊಂಡು ಮೋಸದಿಂದ ಮೇಲಿನ ದಾರಿಗೆ ಕರ್ಕೊಂಡು ಹೋಗ್ತಾನೆ. ಮೇಲೆ ಜೆಲ್ಲಿಫಿಶ್ ಕಾಡು. ಆನಿಮನಿಲಿ ಬೆಳ್ದೋನು, ಕುಟುಕು ಸ್ವಲ್ಪ ತಡ್ಕೊಳ್ತಾನೆ, ಡೋರಿ ತಡ್ಕೊಳ್ಳಲ್ಲ, ಸಾಯೋ ಸ್ಥಿತಿಗೆ ಬರ್ತಾಳೆ. ಜೆಲ್ಲಿಫಿಶ್ ಎಲ್ಲಿಂದಲೋ ಬಂದ ಕಷ್ಟ ಅಲ್ಲ, ಇವನ ಅಪನಂಬಿಕೆ ತಂದ ಕಷ್ಟ. ಒಳ್ಳೆ ಕುಟುಂಬದ ಸಿನಿಮಾಗೂ ಸುಮ್ನೆ ಗದ್ದಲದ ಸಿನಿಮಾಗೂ ವ್ಯತ್ಯಾಸ ನಂಗೆ ಕಾಣೋದು ಇಲ್ಲೇ, ಕಷ್ಟ ಹೀರೋನ ಸ್ವಭಾವದಿಂದ ಬರ್ತಿದ್ಯಾ ಇಲ್ವಾ ಅನ್ನೋದ್ರಲ್ಲಿ.

ತಿಮಿಂಗಿಲದ ಹೊಟ್ಟೆ

ಕ್ಯಾಂಬೆಲ್ ಲಿಸ್ಟಲ್ಲಿ ಒಂದು ಹಂತದ ಹೆಸ್ರೇ ತಿಮಿಂಗಿಲದ ಹೊಟ್ಟೆ. ಮೊದಲ ಭಾಗದ ಕೊನೇ ಹಂತ ಅದು, ಹೀರೋ ಹಳೇ ಲೋಕ ಬಿಟ್ಟು ಪೂರ್ತಿ ಒಳಗೆ ನುಂಗಿಹೋದ ಅನ್ನೋ ಅರ್ಥ. ಈ ಸಿನಿಮಾದಲ್ಲಿ ನಿಜವಾಗ್ಲೂ ತಿಮಿಂಗಿಲ ಬಂದು ನುಂಗುತ್ತೆ, ಸಿಕ್ತಪ್ಪ ಅಂತ ಜನ ಕ್ಯಾಂಬೆಲ್ ಲಿಸ್ಟಿನ ಆ ಐದ್ನೇ ಖಾನೆಗೆ ಹಾಕ್ತಾರೆ. ಆದ್ರೆ ಆ ಹೊತ್ತಿಗೆ ಸಿನಿಮಾ ಅರ್ಧ ದಾಟಿ ಎಷ್ಟೋ ಆಗಿದೆ, ಆಮೆನೂ ಬಂದು ಹೋಗಿದೆ. ಹೆಸ್ರು ಹೊಂದುತ್ತೆ, ಜಾಗ ಹೊಂದಲ್ಲ. ವೋಗ್ಲರ್ ಲಿಸ್ಟಲ್ಲಿ ನೋಡಿದ್ರೆ ಇದು ದೊಡ್ಡ ಅಗ್ನಿಪರೀಕ್ಷೆಯ ಖಾನೆ.

ಆ ಸೀನು ನಿಧಾನಕ್ಕೆ ನೋಡಿ. ಮಾರ್ಲಿನ್ ಬಾಯಿಯ ಜರಡಿಗೆ ಢಿಕ್ಕಿ ಹೊಡ್ದೂ ಹೊಡ್ದು ಸೋತು ಕೂತಿರ್ತಾನೆ, ಮಗನಿಗೆ ಏನೂ ಆಗಕ್ಕೆ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ ಅಂತ ಡೋರಿಗೆ ಹೇಳ್ತಾನೆ. ಅವಳು ಅದೆಂಥಾ ಮಾತು, ಏನೂ ಆಗಕ್ಕೆ ಬಿಡದಿದ್ರೆ ಅವನ ಜೀವನದಲ್ಲಿ ಏನೂ ಆಗೋದೇ ಇಲ್ವಲ್ಲ ಅಂತಾಳೆ. ಮೊದಲ ಐದು ನಿಮಿಷದ ಆಣೆನ ಇಲ್ಲಿ ಮರೆವಿನ ಮೀನೊಂದು ಒಂದೇ ಮಾತಲ್ಲಿ ಬಿಚ್ಚಾಕುತ್ತೆ. ಆಮೇಲೆ ನೀರು ಇಳಿಯುತ್ತೆ, ಇಬ್ರೂ ನಾಲಗೆ ಹಿಡ್ಕೊಂಡು ನೇತಾಡ್ತಿದಾರೆ, ತಿಮಿಂಗಿಲ ಏನೋ ಹೇಳ್ತಿದೆ ಅಂತ ಡೋರಿ ಅಂದ್ರೆ ಮಾರ್ಲಿನ್ ರೇಗಿ, ನಿಂಗೆ ಇದೆಲ್ಲ ಮಾಡಕ್ಕಾಗುತ್ತೆ ಅನ್ಕೊಂಡಿದೀಯ, ಆಗಲ್ಲ ನೀಮೋ ಅಂತಾನೆ. ಎದುರಿಗಿರೋದು ಡೋರಿ, ಬಾಯಲ್ಲಿ ಬಂದಿದ್ದು ನೀಮೋ. ಅವತ್ತು ದಿಬ್ಬದ ಅಂಚಲ್ಲಿ ಬರ್ಕೊಂಡ ಬೈಗುಳ ಹೆಚ್ಚುಕಮ್ಮಿ ಅಕ್ಷರಕ್ಷರ ಅದೇ. ಕೈ ಬಿಡು ಅಂತಿದೆ ಅಂತಾಳೆ ಅವಳು. ಕೆಟ್ಟದ್ದಾಗಲ್ಲ ಅಂತ ನಿಂಗೆ ಹೆಂಗೆ ಗೊತ್ತು ಅಂತಾನೆ. ಗೊತ್ತಿಲ್ಲ ಅಂತಾಳೆ. ಬಿಡ್ತಾನೆ. ಇಡೀ ಸಿನಿಮಾದ ಕೀಲು ಇದು, ಒಂದು ಹಿಡಿತ ಸಡಿಲ ಆಗೋದನ್ನ ಮಕ್ಕಳಿಗೂ ಕಾಣೋ ಹಂಗೆ ನಿಜವಾದ ನಾಲಗೆಯಿಂದ ಜಾರಿಸಿ ತೋರ್ಸಿದಾರೆ.

ಕೆಲವ್ರು ಅಗ್ನಿಪರೀಕ್ಷೆ ಅಂದ್ರೆ ಡೆಂಟಿಸ್ಟ್ ರೂಮಿನ ಸೀನು ಅಂತಾರೆ, ನೀಮೋ ಸತ್ತಂಗೆ ನಟಿಸ್ತಿರೋದನ್ನ ಅಪ್ಪ ಪೆಲಿಕನ್ ಬಾಯಿಂದ ನೋಡಿ ಸತ್ತೇಹೋದ ಅಂತ ನಂಬೋದು. ವಾದ ಮಾಡ್ಬೋದು. ನಾನು ಒಪ್ಪಲ್ಲ, ಅಲ್ಲಿ ಮಾರ್ಲಿನ್ ಏನೂ ನಿರ್ಧಾರ ಮಾಡಲ್ಲ, ಬರೀ ಪೆಟ್ಟು ತಿಂತಾನೆ.

ಬಲೆ, ಅಂದ್ರೆ ಫೈನಲ್ ಎಕ್ಸಾಮು

ಪುನರ್ಜನ್ಮ ಅನ್ನೋ ಖಾನೆಲಿ ಹುಡುಕ್ಬೇಕಾಗಿರೋದು ಇಷ್ಟೇ: ಕಲ್ತಿದ್ದನ್ನ ಇನ್ನೂ ಜಾಸ್ತಿ ಬೆಲೆ ಇರೋ ಜಾಗದಲ್ಲಿ ಮತ್ತೊಂದ್ಸಲ ಮಾಡ್ತಾನಾ. ಅಪ್ಪ ಮಗ ಸಿಕ್ಕಾಯ್ತು, ಇನ್ನು ಮನೆಗೆ ಹೋಗ್ಬೋದು, ಸಿನಿಮಾ ಅಲ್ಲಿಗೇ ಮುಗಿಸ್ಬೋದಿತ್ತು. ಆಗ ಡೋರಿ ಮೀನುಗಾರರ ಬಲೆಗೆ ಸಿಕ್ಕಾಕೊಳ್ತಾಳೆ, ಎಲ್ಲರೂ ಸೇರಿ ಕೆಳಕ್ಕೆ ಈಜಿದ್ರೆ ಬಲೆ ಹರಿಯುತ್ತೆ ಅಂತ ನೀಮೋಗೆ ಹೊಳೆಯುತ್ತೆ, ಅದಕ್ಕೆ ಅವ್ನು ಬಲೆ ಒಳಗೆ ಹೋಗ್ಬೇಕು. ಅಪ್ಪ ಮೊದ್ಲು ಇಲ್ಲ ಅಂತಾನೆ, ಮತ್ತೆ ನಿನ್ನ ಕಳ್ಕೊಳ್ಳಲ್ಲ ಅಂತ. ನನ್ ಕೈಲಾಗುತ್ತೆ ಅಂತಾನೆ ಮಗ. ಹೌದು, ನಿನ್ ಕೈಲಾಗುತ್ತೆ ಅಂತ ಬಿಡ್ತಾನೆ. ಒಂದೇ ಮಾತು ಮೂರು ಸಲ ಬಂತು ನೋಡಿ: ಮಗನಿಗೆ ಬೈಗುಳ, ತಿಮಿಂಗಿಲದಲ್ಲಿ ತಪ್ಪಿ ಡೋರಿಗೆ ಬೈಗುಳ, ಬಲೆ ಹತ್ರ ತಿರುಗಿ ಒಪ್ಪಿಗೆ. ಹಂತಗಳ ಹೆಸ್ರು ಒಂದೂ ಗೊತ್ತಿಲ್ದೋರೂ ಹೀಗೆ ರಿಪೀಟ್ ಆಗೋ ಮಾತನ್ನ ಹಿಡ್ಕೊಂಡ್ರೆ ಪಯಣ ಪೂರ್ತಿ ಸಿಗುತ್ತೆ, ಬೇರೆ ಸಿನಿಮಾಗಳಲ್ಲೂ ಟ್ರೈ ಮಾಡಿ.

ತಂದ ನಿಧಿ ಏನು ಅಂದ್ರೆ ನೀಮೋ ಅಂತ ಬರೀಬೇಡಿ. ಹಳೇ ಮಾರ್ಲಿನ್ ಕೈಗೆ ನೀಮೋ ಸಿಕ್ಕಿದ್ರೆ ಮತ್ತೆ ಆನಿಮನಿ ಒಳಗೆ ಕೂಡಿಹಾಕ್ತಿದ್ದ. ಮಗನ್ನ ಹೋಗಿ ಬಾ ಅನ್ನೋ ಧೈರ್ಯ, ಅದೇ ಮನೆಗೆ ಬಂದಿದ್ದು.

ವಾಪಸ್ ದಾರಿ ಅನ್ನೋ ಖಾನೆ ಇಲ್ಲಿ ಖಾಲಿ ಬಿಡಿ. ಸಿಡ್ನಿಯಿಂದ ಹವಳದ ದಿಬ್ಬದ ತನಕ ಅಷ್ಟು ದೂರ ಹೆಂಗೆ ಬಂದ್ರು ಅಂತ ತೋರ್ಸೇ ಇಲ್ಲ, ಯಾರೂ ಕೇಳೂ ಇಲ್ಲ.

ಎರಡನೇ ಸಲ ನೋಡೋವಾಗ

ಒಂದು ಹಾಳೆಲಿ ಮೂರು ಕಾಲಂ ಎಳೀರಿ: ಎಷ್ಟನೇ ನಿಮಿಷ, ಏನಾಯ್ತು, ಯಾರು ನಿರ್ಧಾರ ಮಾಡಿದ್ರು. ಮೂರನೇ ಕಾಲಮ್ಮೇ ಮುಖ್ಯ, ಮಕ್ಕಳ ಜೊತೆ ನೋಡ್ತಿದ್ರೆ ಅದನ್ನ ಮಾತ್ರ ಅವ್ರಿಗೆ ಕೇಳಿ, ಹಂತದ ಹೆಸ್ರೆಲ್ಲ ಹೇಳಿ ತಲೆ ತಿನ್ಬೇಡಿ. ಸಿನಿಮಾ ನಿಲ್ಸಿ ನಿಲ್ಸಿ ಕೇಳೋದೂ ಬೇಡ, ಬೇಜಾರಾಗಿ ಎದ್ದೋಗ್ತಾರೆ.

ಈ ಸಲ ನೀಮೋಗೆ ಬೇರೆ ಹಾಳೆ ಕೊಡಿ, ಯಾಕಂದ್ರೆ ಡೆಂಟಿಸ್ಟ್ ಅಕ್ವೇರಿಯಂ ಒಳಗೆ ಅವನದ್ದೂ ಒಂದು ಸಣ್ಣ ಪಯಣ ನಡೀತಿರುತ್ತೆ. ರಾತ್ರಿ ಜ್ವಾಲಾಮುಖಿ ಬೊಂಬೆ ಮುಂದೆ ಗುಳ್ಳೆಗಳ ಉಂಗುರ ದಾಟಿಸಿ ಶಾರ್ಕ್‌ಬೇಟ್ ಅಂತ ಹೊಸ ಹೆಸ್ರು ಇಡ್ತಾರಲ್ಲ, ಅದು ಹೊಸ್ತಿಲು. ಗಿಲ್ ಅನ್ನೋ ಮೀನು ಗುರು, ಅವನ ರೆಕ್ಕೆನೂ ಊನ, ಆದ್ರೆ ನಿನ್ ಕೈಲಾಗಲ್ಲ ಅಂತ ಒಂದ್ಸಲನೂ ಅನ್ನಲ್ಲ. ತಪ್ಪಿಸ್ಕೊಳ್ಳೋಕೆ ಅಕ್ವೇರಿಯಂ ಫಿಲ್ಟರಿಗೆ ಕಲ್ಲು ಸಿಗಿಸೋ ಪ್ಲಾನ್ ಮೊದಲ ಸಲ ಪ್ರಾಣಕ್ಕೇ ಬರುತ್ತೆ, ನೀಮೋ ಕೈ ಚೆಲ್ತಾನೆ. ಅಷ್ಟ್ರಲ್ಲಿ ನಿನ್ನಪ್ಪ ಶಾರ್ಕ್ ಜೊತೆ ಹೊಡೆದಾಡಿ ನಿನ್ನ ಹುಡುಕ್ಕೊಂಡು ಬರ್ತಿದಾನೆ ಅಂತ ಪೆಲಿಕನ್ ನೈಜೆಲ್ ಸುದ್ದಿ ತರ್ತಾನೆ. ಮಾರ್ಲಿನ್ ಆಮೆ ಮರಿಗಳಿಗೆ ಹೇಳಿದ ಕಥೆ ಮೀನಿಂದ ಮೀನಿಗೆ, ಆಮೇಲೆ ಹಕ್ಕಿಗೆ ದಾಟಿ ದಾಟಿ ಇಲ್ಲಿವರೆಗೂ ಬಂದಿರುತ್ತೆ, ಎರಡು ಹಾಳೆ ಮೊದಲ್ನೇ ಸಲ ಸೇರೋ ಜಾಗ ಇದು. ಕೇಳಿದ ತಕ್ಷಣ ನೀಮೋ ಯಾರಿಗೂ ಹೇಳ್ದೆ ಕಲ್ಲು ಎತ್ಕೊಂಡು ಹೋಗಿ ಸಿಗಿಸೇಬಿಡ್ತಾನೆ.

ಸ್ವಂತ ಕಥೆ ಬರೆಯೋರು ಚಾರ್ಟಿನ ಮೊದಲ ಖಾನೆಯಿಂದ ಶುರು ಮಾಡ್ಬೇಡಿ, ನಿಮ್ಮ ಕಥೆಯ ಬಲೆ ಸೀನು ಮೊದ್ಲು ಬರೀರಿ. ಅಲ್ಲಿ ಹೀರೋ ಏನು ಬಿಟ್ಟುಕೊಡ್ತಾನೆ ಅಂತ ಗೊತ್ತಾದ್ರೆ ಶುರುನಲ್ಲಿ ಅದನ್ನೇ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿರ್ಬೇಕು ಅಂತ ತಾನಾಗೇ ಗೊತ್ತಾಗುತ್ತೆ, ಮಧ್ಯದ ಖಾನೆಗಳನ್ನ ಆಮೇಲೆ ನೋಡ್ಕೊಂಡ್ರಾಯ್ತು.

ಎರಡೂ ಹಾಳೆ ತುಂಬಿದ್ಮೇಲೆ ಗಿಲ್ ಗ್ಯಾಂಗ್ ಒಂದು ಬಾಕಿ ಉಳಿಯುತ್ತೆ. ಅಕ್ವೇರಿಯಂ ಗಲೀಜು ಮಾಡಿ, ಪ್ಲಾಸ್ಟಿಕ್ ಕವರಲ್ಲಿ ಉರುಳ್ಕೊಂಡು ರಸ್ತೆ ದಾಟಿ ಸಿಡ್ನಿ ಹಾರ್ಬರ್ ನೀರಿಗೆ ಬಿದ್ದು ಗೆದ್ವಿ ಅಂತ ಕೂಗಿದ್ಮೇಲೆ, ಕವರಿಂದ ಹೊರಗೆ ಬರೋದು ಹೆಂಗೆ ಅಂತ ಯಾರಿಗೂ ಗೊತ್ತಿಲ್ಲ. ಅದನ್ನ ಯಾವ ಖಾನೆಗೆ ಹಾಕ್ತೀರೋ ಹಾಕಿ, ನಾನಂತೂ ಹೊಸ್ತಿಲು ಅಂತ್ಲೇ ಬರ್ದಿದೀನಿ.